ಉಕ್ಕಿನ ಹೊಲಿಗೆ

1964ರಲ್ಲಿ ಕೆಲಸ ಆರಂಭಿಸಿದ ಶರಾವತಿ ವಿದ್ಯುದಾಗಾರಕ್ಕೆ ನೀರು ಹೊತ್ತು ಹತ್ತು ಪೆನ್‌ಸ್ಟಾಕ್‌ಗಳು ಇಳಿಯುತ್ತವೆ. ದೂರದಿಂದ ನೋಡಿದರೆ ಗುಡ್ಡದ ಮೈಮೇಲೆ ದಾರ ಇಳಿಬಿಟ್ಟಂತೆ. ಹತ್ತಿರ ಹೋದರೆ ಒಂದೊಂದೂ ಆಳೆತ್ತರ ಮೀರಿದ ಉಕ್ಕಿನ ಕೊಳವೆ. ಇಂಥವನ್ನು ಎರಕ ಹೊಯ್ದು ಮಾಡುವುದಲ್ಲ. ಚಪ್ಪಟೆ ಪ್ಲೇಟನ್ನು ಬಗ್ಗಿಸಿ, ಅಂಚಿಗೆ ಅಂಚು ಕೂಡಿಸಿ ಬೆಸೆಯುವುದು.

ಬಗ್ಗಿಸುವ ಯಂತ್ರ ನಮ್ಮ ಕಬ್ಬಿನ ಗಾಣದ ಅಣ್ಣ: ಕೆಳಗೆ ಎರಡು ಉರುಳೆ, ಮೇಲೊಂದು. ಪ್ಲೇಟು ನಡುವೆ ಹಿಂದೆ ಮುಂದೆ ಓಡಾಡುತ್ತ ಕೊಂಚಕೊಂಚವೇ ಬಾಗುತ್ತದೆ. ಬಿಗಿ ಸಡಿಲಿಸಿದೊಡನೆ ಉಕ್ಕು ತುಸು ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಆ ಹಟವನ್ನೂ ಲೆಕ್ಕಕ್ಕೆ ಹಿಡಿದೇ ಬಗ್ಗಿಸಬೇಕು. ಆಪರೇಟರು ಕಮಾನಿನಂತೆ ಕತ್ತರಿಸಿದ ತಗಡನ್ನು ಒಳಮೈಗೆ ಆನಿಸಿ ನೋಡುತ್ತಾನೆ. ಸಂದಿನಲ್ಲಿ ಬೆಳಕು ಇಣುಕಿತೋ, ಇನ್ನೊಂದು ಸುತ್ತು.

ಆಮೇಲೆ ವೆಲ್ಡಿಂಗ್. ಸಬ್‌ಮರ್ಜ್ಡ್ ಆರ್ಕ್ ವಿಧಾನದಲ್ಲಿ ಕಣ್ಣು ಕುಕ್ಕುವ ಕಿಡಿಯಿಲ್ಲ. ಹರಳುಹರಳಾದ ಫ್ಲಕ್ಸಿನ ಅಡಿಯಲ್ಲಿ, ಬೂದಿ ಮುಚ್ಚಿದ ಕೆಂಡದಂತೆ, ತಂತಿ ಕರಗುತ್ತ ಸಾಗುತ್ತದೆ. ಕರಗಿದ ಫ್ಲಕ್ಸ್ ಹಿಂದೆ ಆರಿ ಗಾಜಿನಂಥ ಹಕ್ಕಳೆಯಾಗುತ್ತದೆ. ಹದ ಕೂಡಿಬಂದಿದ್ದರೆ ಅದು ತಾನಾಗಿಯೇ ಸುರುಳಿಗಟ್ಟಿ ಏಳುತ್ತದೆ. ಕೆಳಗೆ ಸಣ್ಣ ತೆರೆಗಳ ನುಣುಪು ಹೊಲಿಗೆ. ಕಣ್ಣಿಗೆ ಚೆಂದ ಕಂಡರೆ ಸಾಲದು. ಎಕ್ಸ್‌ರೇ ಫಿಲ್ಮಿನಲ್ಲಿ ಕೂದಲೆಳೆಯ ಬಿರುಕು ಕಂಡರೂ ಆ ಜಾಗ ಕೆತ್ತಿ ತೆಗೆದು ಮತ್ತೆ ಬೆಸೆಯಬೇಕು.

ಹೊಲಿಗೆಯಲ್ಲೂ ಎರಡು ಬಗೆ: ಬಗ್ಗಿಸಿದ ಪ್ಲೇಟಿನ ಅಂಚುಗಳನ್ನು ಕೂಡಿಸುವ ಉದ್ದಹೊಲಿಗೆ, ತುಂಡಿಗೆ ತುಂಡು ಕೂಡಿಸುವ ಸುತ್ತುಹೊಲಿಗೆ. ತುದಿ ಮುಚ್ಚಿ ನೀರು ತುಂಬಿ ಪರೀಕ್ಷಿಸುವಾಗ ಉದ್ದಹೊಲಿಗೆಯನ್ನು ಸೀಳಲು ನೋಡುವ ಎಳೆತ ಸುತ್ತುಹೊಲಿಗೆಯ ಮೇಲಿನದಕ್ಕಿಂತ ಇಮ್ಮಡಿ. ಅದಕ್ಕೇ ಪಕ್ಕಪಕ್ಕದ ತುಂಡುಗಳ ಉದ್ದಹೊಲಿಗೆಗಳು ಒಂದೇ ಸಾಲಿಗೆ ಬರದಂತೆ ತಿರುಗಿಸಿ ಕೂಡಿಸುತ್ತಾರೆ, ಗೋಡೆ ಕಟ್ಟುವ ಮೇಸ್ತ್ರಿ ಇಟ್ಟಿಗೆಯ ಸಂದು ತಪ್ಪಿಸುವ ಹಾಗೆ.

ಕೊಳವೆ ಇಳಿದಂತೆಲ್ಲ ಪ್ಲೇಟು ದಪ್ಪವಾಗುತ್ತ ಹೋಗುತ್ತದೆ. ನೀರಿನ ಎತ್ತರ 100 ಮೀಟರ್ ಆದರೆ ಚದರ ಸೆಂಟಿಮೀಟರಿಗೆ ಸುಮಾರು 10 ಕಿಲೋ ಒತ್ತಡ. ಶರಾವತಿಯಲ್ಲಿ ಆ ಎತ್ತರ 400 ಮೀಟರಿಗೂ ಮಿಗಿಲು. ಎಂದರೆ ಬುಡದಲ್ಲಿ ಹೆಬ್ಬೆರಳ ಉಗುರಿನಷ್ಟು ಜಾಗದ ಮೇಲೆ 40 ಕಿಲೋಗೂ ಹೆಚ್ಚು ಭಾರ, ಹಗಲಿರುಳೂ.

ಕೊನೆಗೆ ಬಣ್ಣ ಬಳಿದು ಎಲ್ಲವನ್ನೂ ಒಂದೇ ಮೈ ಮಾಡಿಬಿಡುತ್ತಾರೆ. ಆದರೂ ಇಳಿಬಿಸಿಲಿನಲ್ಲಿ ಓರೆಯಾಗಿ ನೋಡಿದರೆ ಹೊಲಿಗೆಯ ಉಬ್ಬು ತೋರುತ್ತದೆ. ಅಂಗೈ ಆಡಿಸಿದರೆ ಕೈಗೂ ಸಿಗುತ್ತದೆ. ಉಕ್ಕು ತಣ್ಣಗಿರುತ್ತದೆ; ಆಚೆ ಬದಿಯಲ್ಲಿ ಹೊಳೆಯಿದೆ.