ಮೋಹಕ ಬಲೆಯ ಮುನ್ಸೂಚನೆ: ಬಲ ಮತ್ತು ಮಿತಿ

ಅಮೆರಿಕದ ಮಧ್ಯಪಶ್ಚಿಮ ರಾಜ್ಯಗಳಲ್ಲಿ ಮೆಕ್ಕೆಜೋಳದ ಎಳೆ ಸಸಿಗಳನ್ನು ಬುಡದಲ್ಲೇ ಕತ್ತರಿಸುವ ಕೀಟ ಕಪ್ಪು ಕತ್ತರಿ ಹುಳು. ಅಲ್ಲಿನ ಕಡು ಚಳಿಯಲ್ಲಿ ಅದು ಬದುಕಿ ಉಳಿಯದು. ಪ್ರತಿ ವಸಂತದಲ್ಲೂ ಅದರ ಪತಂಗಗಳು ಮೆಕ್ಸಿಕೊ ಕೊಲ್ಲಿಯ ಕಡೆಯಿಂದ ತೆಂಕಣ ಗಾಳಿಯೊಡನೆ ಬಂದು, ಬಿತ್ತನೆಗೆ ಮುಂಚೆಯೇ ಹೊಲದ ಕಳೆಗಳ ಮೇಲೆ ಮೊಟ್ಟೆಯಿಡುತ್ತವೆ. ಈ ವಲಸೆಯನ್ನು ಗುರುತಿಸಿ, ಹೊಲ ಪರಿಶೀಲಿಸಬೇಕಾದ ದಿನವನ್ನು ಗೊತ್ತುಮಾಡಲು ಮೋಹಕ ಬಲೆ ಬಳಕೆಯಲ್ಲಿದೆ.

ಹೆಣ್ಣು ಪತಂಗದ ವಾಸನೆಯನ್ನು ಹೋಲುವ, ಬಲೆಯಲ್ಲಿಟ್ಟ ಆಮಿಷವಾದ ಲ್ಯೂರ್‌ಗೆ ಗಂಡು ಪತಂಗಗಳು ಮರುಳಾಗಿ ಬಲೆಗೆ ಬೀಳುತ್ತವೆ. ಈ ರಾಜ್ಯಗಳಲ್ಲೊಂದಾದ ಐಯೋವಾದಲ್ಲಿ ಎರಡು ರಾತ್ರಿಗಳಲ್ಲಿ 8 ಅಥವಾ ಹೆಚ್ಚು ಪತಂಗ ಸಿಕ್ಕರೆ ದೊಡ್ಡ ವಲಸೆಯೆಂದು ಗಣಿಸಿ ಶಾಖದ ಲೆಕ್ಕ ಆರಂಭಿಸುತ್ತಾರೆ. ದಿನದ ಸರಾಸರಿ ಉಷ್ಣಾಂಶದಲ್ಲಿ 50 ಡಿಗ್ರಿ ಫ್ಯಾರನ್‌ಹೀಟ್ ಕಳೆದು ಉಳಿದದ್ದನ್ನು ಕೂಡಿಸುತ್ತ ಹೋದಾಗ ಮೊತ್ತ 300 ಮುಟ್ಟುವ ಹೊತ್ತಿಗೆ ಮರಿಹುಳು ನಾಲ್ಕನೆಯ ಹಂತ ತಲುಪಿ ಸಸಿ ಕತ್ತರಿಸತೊಡಗುತ್ತದೆ. ಸರಾಸರಿ 60 ಡಿಗ್ರಿ ಇದ್ದರೆ ಇದಕ್ಕೆ 30 ದಿನ, 65 ಇದ್ದರೆ 20 ದಿನ.

ಪದ್ಧತಿಯ ಬಲ ಇರುವುದು ಇಲ್ಲಿಯೇ. ಹುಳುವಿನ ಬೆಳವಣಿಗೆ ನಡೆಯುವುದು ಶಾಖದ ಪ್ರಕಾರ. ಕ್ಯಾಲೆಂಡರ್ ನೋಡಿ ಹೊಲಕ್ಕಿಳಿದರೆ ಒಂದು ವರ್ಷ ಬೇಗ, ಇನ್ನೊಂದು ವರ್ಷ ತಡ. ಹಗಲು ಮಣ್ಣಿನಲ್ಲಿ ಅಡಗಿ ರಾತ್ರಿ ಮೇಯುವ ಕೀಟಕ್ಕೆ ಇಂಥ ಮುನ್ನೆಚ್ಚರಿಕೆಯ ಬೆಲೆ ದೊಡ್ಡದು. ಮುಂಜಾಗ್ರತೆಯ ಹೆಸರಿನಲ್ಲಿ ಎಲ್ಲ ಹೊಲಕ್ಕೂ ಔಷಧಿ ಹೊಡೆಯುವ ಖರ್ಚೂ ತಪ್ಪುತ್ತದೆ.

ಮಿತಿಯೂ ಅಷ್ಟೇ ಸ್ಪಷ್ಟ. ಬಲೆ ಹೇಳುವುದು ಯಾವಾಗ ನೋಡಬೇಕು ಎಂಬುದನ್ನು. ಯಾವ ಹೊಲ, ಎಷ್ಟು ಹಾನಿ ಎಂಬುದನ್ನಲ್ಲ. ಸಿಕ್ಕಿಬೀಳುವುದು ಗಂಡು, ಮೊಟ್ಟೆಯಿಡುವುದು ಹೆಣ್ಣು. ಪತಂಗ ಹೆಚ್ಚು ಬಿದ್ದ ಪ್ರದೇಶದಲ್ಲೂ ಕಳೆಯಿಲ್ಲದ ಹೊಲ ಪಾರಾಗಬಹುದು. ಕಳೆ ತುಂಬಿದ, ತಡವಾಗಿ ಬಿತ್ತಿದ ಹೊಲ ಹೆಚ್ಚು ನಲುಗಬಹುದು. ವಲಸೆ ಅಲೆಅಲೆಯಾಗಿ ಬಂದರೆ ಒಂದೇ ದಿನಾಂಕ ಸಾಲದು.

ಕರ್ನಾಟಕದಲ್ಲೂ ಈ ಮಾತು ಪ್ರಸ್ತುತ. 2018ರಲ್ಲಿ ಶಿವಮೊಗ್ಗ ಭಾಗದ ಮೆಕ್ಕೆಜೋಳದಲ್ಲಿ ಫಾಲ್ ಸೈನಿಕ ಹುಳು ಕಾಣಿಸಿಕೊಂಡ ಮೇಲೆ ಮೋಹಕ ಬಲೆ ಇಲ್ಲಿನ ರೈತರಿಗೂ ಪರಿಚಿತ. ಆದರೆ ಐಯೋವಾದ 8 ಮತ್ತು 300 ಅಂಕಿಗಳು ಕಪ್ಪು ಕತ್ತರಿ ಹುಳುವಿಗೆ, ಆ ನೆಲಕ್ಕೆ ಸೇರಿದವು. ಬೇರೆ ಕೀಟಕ್ಕೆ ಹಾಗೆಯೇ ಅನ್ವಯಿಸುವಂತಿಲ್ಲ.

ಔಷಧಿಯ ತೀರ್ಮಾನ ಬಲೆಯ ಲೆಕ್ಕದಿಂದಲ್ಲ, ಸಾಲುಗಳಲ್ಲಿ ನಡೆದು ಕತ್ತರಿಸಿದ ಸಸಿಗಳನ್ನು ಎಣಿಸಿದ ಮೇಲೆಯೇ ಆಗಬೇಕು. ಹೊಲಕ್ಕೆ ಹೋಗುವ ದಿನ ತಿಳಿಸುವ ಸಾಧನವಾಗಿ ಮೋಹಕ ಬಲೆ ವಿಶ್ವಾಸಾರ್ಹ. ಹೊಲ ನೋಡುವ ಕೆಲಸಕ್ಕೆ ಅದು ಬದಲಿಯಲ್ಲ.