ಕಾಗದ ಹೊತ್ತವನ ಕಡೆಯಿಂದ

ನಮ್ಮ ತಾತ ತೋಟಿ. ತಾಂಡ್ಯದ ಮಗ್ಗುಲಿನ ಹಳ್ಳಿಯಿಂದ, ಶಾನುಭೋಗರು ಬರೆದುಕೊಟ್ಟ ಚೀಟಿಯನ್ನು ರುಮಾಲಿನ ತುದಿಗೆ ಕಟ್ಟಿಕೊಂಡು ತಾಲ್ಲೂಕು ಕಚೇರಿಗೆ ನಡೆಯುತ್ತಿದ್ದವನು. ಚೀಟಿಯಲ್ಲಿ ಏನಿದೆ ಅಂತ ಅವನಿಗೆ ಗೊತ್ತಿಲ್ಲ. "ಹೊರೋದಷ್ಟೆ ನಮ್ ಕೆಲ್ಸ ಕಣ ಮಗ, ಓದೋರು ಬ್ಯಾರೆ ಅವ್ರೆ" ಅನ್ನುತ್ತಿದ್ದ. ಒಂದು ಸಲ ಅವನು ಹೊತ್ತುಕೊಂಡು ಹೋದ ಚೀಟಿಯಲ್ಲಿ ಅವನ ಮೇಲೇ ದೂರಿತ್ತು. ಅದು ಅವನಿಗೆ ಗೊತ್ತಾದದ್ದು ದಂಡ ಕಟ್ಟುವ ದಿನ.

ಟಿಪ್ಪು ಸುಲ್ತಾನನ ಕಾಗದಗಳನ್ನು ಓದುವಾಗ ಈ ಚೀಟಿ ನನ್ನನ್ನು ಬಿಡಲಿಲ್ಲ.

ನಮ್ಮ ನಂಜನಗೂಡು ಸೀಮೆಯಲ್ಲಿ ಟಿಪ್ಪು ಅಂದರೆ ಜನರ ಬಾಯಲ್ಲಿ ಆನೆಯ ಕಣ್ಣಿನ ಕತೆ, ಪಚ್ಚೆ ಲಿಂಗದ ಕತೆ, ಹಕೀಂ ನಂಜುಂಡನ ಕತೆ. ಪಂಡಿತರ ಲೋಕದಲ್ಲಿ ಹಾಗಲ್ಲ. ಅಲ್ಲಿ ಅವನು ಎರಡು ಕಟ್ಟು ಕಾಗದ. ಮೊದಲನೆಯ ಕಟ್ಟು, 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯಲ್ಲಿ ಕಂಪನಿಯವರ ಕೈಗೆ ಸಿಕ್ಕ ಫಾರಸಿ ಕಾಗದಗಳು. ಕಂಪನಿಯ ಸೇನಾಧಿಕಾರಿ ವಿಲಿಯಂ ಕಿರ್ಕ್‌ಪ್ಯಾಟ್ರಿಕ್ ಇವುಗಳಲ್ಲಿ ಕೆಲವನ್ನು ಆರಿಸಿ, ಇಂಗ್ಲಿಷಿಗೆ ತಿರುಗಿಸಿ, ಟಿಪ್ಪಣಿ ಜಡಿದು 1811ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ. ಎರಡನೆಯ ಕಟ್ಟು, ಶೃಂಗೇರಿ ಮಠಕ್ಕೆ ಟಿಪ್ಪು ಬರೆಸಿದ ಸುಮಾರು 30 ಕನ್ನಡ ಕಾಗದಗಳು. ಇವು 1916ರಲ್ಲಿ ಮೈಸೂರಿನ ಪ್ರಾಕ್ತನ ಇಲಾಖೆಯ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬಿದ್ದವು.

ಕಿರ್ಕ್‌ಪ್ಯಾಟ್ರಿಕ್‌ನ ಆಯ್ಕೆ ಸಾಚಾ ಆಯ್ಕೆಯಲ್ಲ. ಈ ಕಾಗದಗಳಲ್ಲಿ ಕಾಣುವ ಟಿಪ್ಪು ಕ್ರೂರಿ, ಮತಾಂಧ ಎಂದು ಅವನು ಮುನ್ನುಡಿಯಲ್ಲೇ ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಗೆದ್ದವನು ಸೋತವನ ಪೆಟ್ಟಿಗೆ ಒಡೆದು ತೆಗೆದ ಕಾಗದ ಇದು. ಹಾಗಂತ ಕಾಗದ ಸುಳ್ಳಾಗುವುದಿಲ್ಲ. ಕೊಡಗಿನ ಜನರನ್ನು ಹಿಡಿದು ತಂದದ್ದನ್ನು ಹೆಮ್ಮೆಯಿಂದ ಬರೆದ ಟಿಪ್ಪು ಅಲ್ಲಿದ್ದಾನೆ. ಕಾಯಿಲೆ ಬಿದ್ದ ಅಧಿಕಾರಿಗೆ ಮದ್ದು ಹೇಳುವ ಟಿಪ್ಪುವೂ ಅಲ್ಲೇ ಇದ್ದಾನೆ. ಶೃಂಗೇರಿ ಕಟ್ಟಿನಲ್ಲಿ ಇನ್ನೊಂದು ಮುಖ. 1791ರಲ್ಲಿ ಮರಾಠಾ ದಂಡಿನವರು ಮಠವನ್ನು ಕೊಳ್ಳೆ ಹೊಡೆದಾಗ, ಶಾರದೆಯನ್ನು ಮತ್ತೆ ಪ್ರತಿಷ್ಠೆ ಮಾಡಲು ಹಣ, ಧಾನ್ಯ ಕೊಡಿಸಿದವನು, ಸ್ವಾಮಿಗಳನ್ನು ಜಗದ್ಗುರು ಎಂದು ಕರೆದವನು ಇದೇ ಟಿಪ್ಪು.

ಇಲ್ಲಿಂದ ಜಗಳ ಶುರು. ಒಬ್ಬರು ಮೊದಲ ಕಟ್ಟನ್ನು ಎತ್ತಿ ಹಿಡಿದು ರಾಕ್ಷಸ ಅನ್ನುತ್ತಾರೆ. ಇನ್ನೊಬ್ಬರು ಎರಡನೆಯದನ್ನು ಎತ್ತಿ ಹಿಡಿದು ಸಂತ ಅನ್ನುತ್ತಾರೆ. 2015ರಲ್ಲಿ ಸರ್ಕಾರ ಜಯಂತಿ ಶುರು ಮಾಡಿತು, 2019ರಲ್ಲಿ ಬಂದ ಸರ್ಕಾರ ನಿಲ್ಲಿಸಿತು. ಆ ಗಲಾಟೆಯಲ್ಲಿ ಈ ಕಾಗದಗಳನ್ನು ಪೂರಾ ಓದಿದವರೆಷ್ಟು ಮಂದಿ? ಎರಡೂ ಕಡೆಯವರು ಕೇಳುವುದು ಒಂದೇ ಪ್ರಶ್ನೆ: ಅರಸ ದೇವಸ್ಥಾನಕ್ಕೆ ಏನು ಮಾಡಿದ? ಹಟ್ಟಿಗೆ ಏನು ಮಾಡಿದ ಅಂತ ಕೇಳುವವರಿಲ್ಲ.

ನಾನು ಆ ಪ್ರಶ್ನೆ ಇಟ್ಟುಕೊಂಡು ಒಂದೇ ಒಂದು ಕಾಗದ ಓದುತ್ತೇನೆ. 1786ರದು. ರೇಷ್ಮೆಹುಳು ತರಲು ಬಂಗಾಳಕ್ಕೆ ಹೋದವರು ವಾಪಸ್ಸು ಬರುತ್ತಿದ್ದಾರೆ, ಸಾಕಲು ತಕ್ಕ ಏರ್ಪಾಟು ಮಾಡು ಎಂದು ಪಟ್ಟಣದ ಕಿಲ್ಲೇದಾರನಿಗೆ ಕಳಿಸಿದ ಅಪ್ಪಣೆ. ಮೈಸೂರು ರೇಷ್ಮೆಯ ಚರಿತ್ರೆ ಬರೆಯುವವರಿಗೆ ಇದು ಬಂಗಾರದಂಥ ದಾಖಲೆ, ಅರಸನ ದೂರದೃಷ್ಟಿಗೆ ಸಾಕ್ಷಿ. ಒಪ್ಪೋಣ. ಆದರೆ ಆ ವಾಕ್ಯವನ್ನು ನೋಡಿ. ಮಾಡು, ಕೊಡು, ಕಳಿಸು: ಅರಸನ ಕಾಗದಕ್ಕೆ ಗೊತ್ತಿರುವ ಕ್ರಿಯಾಪದಗಳು ಇಷ್ಟೇ. ಮಾಡುವವರು ಯಾರು? ಹಿಪ್ಪುನೇರಳೆ ಸೊಪ್ಪು ಕೊಯ್ದವರು, ನಡುರಾತ್ರಿ ಎದ್ದು ಹುಳುವಿಗೆ ಮೇವು ಹಾಕಿದವರು, ಕುದಿಯುವ ನೀರಿಗೆ ಬೆರಳಿಟ್ಟು ಎಳೆ ಹಿಡಿದವರು ಆ ಕಾಗದದಲ್ಲಿಲ್ಲ. ತಿರುಮಕೂಡಲು ನರಸೀಪುರದ ಕಡೆ ನೂಲು ತೆಗೆಯುವ ಕೆಲಸಕ್ಕೆ ಹೋದ ನಮ್ಮ ಅತ್ತೆಯ ಬೆರಳ ತುದಿ ಬೆಳ್ಳಗೆ ಬೆಂದು ಹೋಗಿತ್ತು. ದೂರದೃಷ್ಟಿ ಅರಸನದು, ಬೆಂದ ಬೆರಳು ನಮ್ಮದು.

ಈ ಕೊರತೆ ಟಿಪ್ಪು ಒಬ್ಬನದಲ್ಲ. 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ಫ್ರಾನ್ಸಿನ ದೊರೆಯನ್ನು ಕಾಣಲು ಹೋದಾಗ ಪ್ಯಾರಿಸ್ಸಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದವನು ಥಾಮಸ್ ಜೆಫರ್ಸನ್. ಮನುಷ್ಯರೆಲ್ಲ ಸಮ ಎಂಬ 1776ರ ಘೋಷಣೆಯ ಕರಡು ಬರೆದವನು. ಜೀವಮಾನದಲ್ಲಿ ಸುಮಾರು 19,000 ಕಾಗದ ಬರೆದ, ನಕಲು ತೆಗೆಯಲು ಯಂತ್ರ ಇಟ್ಟುಕೊಂಡಿದ್ದ. 1950ರಿಂದ ಅವು ಸಂಪುಟದ ಮೇಲೆ ಸಂಪುಟವಾಗಿ ಬಂದಿವೆ. ಅದೇ ಮನುಷ್ಯ ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರ ಒಡೆಯ. ಆದರೂ ಅವನ ಕಾಗದದ ರಾಶಿಯಲ್ಲಿ ಒಂದು ಬಿರುಕಿದೆ. 1818ರ ನವೆಂಬರ್ 15ರಂದು ಹ್ಯಾನಾ ಎಂಬ ಗುಲಾಮ ಹೆಂಗಸು ಬರೆದ ಕಾಗದ. ಮನೆ ಕ್ಷೇಮವಾಗಿದೆ, ನಿಮಗೆ ಕಾಯಿಲೆಯೆಂದು ಕೇಳಿ ನೋವಾಯಿತು ಎಂದು ಬರೆದು, ಕೊನೆಗೆ ಒಡೆಯನಿಗೇ ದೇವರ ಬುದ್ಧಿ ಹೇಳುತ್ತಾಳೆ. ಆ ಒಂದು ಹಾಳೆ ಪಕ್ಕದಲ್ಲಿಟ್ಟರೆ ಸಾಕು, 19,000 ಕಾಗದದ ಸಮಾನತೆ ತಲೆ ತಗ್ಗಿಸಬೇಕು.

ಟಿಪ್ಪುವಿನ ಎರಡು ಕಟ್ಟಿನಲ್ಲಿ ನಮಗೆ ಒಬ್ಬ ಹ್ಯಾನಾ ಇಲ್ಲ. ಯಾಕಿಲ್ಲ? ಅಕ್ಷರ ನಮ್ಮ ಹತ್ತಿರ ಸುಳಿಯದ ಹಾಗೆ ನೋಡಿಕೊಂಡವರು ಅರಸನಿಗಿಂತ ಹಳಬರು. ಚಿಕ್ಕದೇವರಾಜ ಒಡೆಯರು 1672ರಲ್ಲಿ ಅಂಚೆ ಕಟ್ಟಿದರು. 1889ರಲ್ಲಿ ಅದು ಬ್ರಿಟಿಷರ ಅಂಚೆಯೊಳಗೆ ಸೇರಿತು. ಇನ್ನೂರು ವರ್ಷಕ್ಕೂ ಮೀರಿ ಓಡಿದ ಆ ಕಾಲುಗಳಿಗೆ ಒಂದು ಹೆಸರೂ ಉಳಿದಿಲ್ಲ. ಕಾಗದ ಒಯ್ಯುವ ಓಟಗಾರನಿಗೆ ಹಳೆಯ ಮಾತು ಹರಿಕಾರ. ಇವತ್ತು ದೊಡ್ಡ ಮನುಷ್ಯರನ್ನು ಸುಧಾರಣೆಯ ಹರಿಕಾರ, ಕ್ರಾಂತಿಯ ಹರಿಕಾರ ಎಂದು ವೇದಿಕೆಯ ಮೇಲೆ ಹೊಗಳುತ್ತೇವೆ. ಪದವನ್ನೂ ಕಿತ್ತುಕೊಂಡು ಓಡಿದವನನ್ನು ಬಯಲಲ್ಲೇ ಬಿಟ್ಟೆವು.

ಆದ್ದರಿಂದ ನನ್ನ ತಕರಾರು ಟಿಪ್ಪುವಿನ ಮೇಲಲ್ಲ, ಅವನನ್ನು ಓದುವ ರೀತಿಯ ಮೇಲೆ. ಅರಸರ ಕಾಗದ ಓದಿ, ಅಗತ್ಯ ಓದಿ. ಆದರೆ ಬರೆಸಿದವನ ಗದ್ದುಗೆಯ ಪಕ್ಕ ಕೂತು ಓದಬೇಡಿ, ಹೊತ್ತವನ ಜೊತೆ ನಡೆಯುತ್ತಾ ಓದಿ. ಆಗ ರಾಕ್ಷಸನೂ ಕಾಣುವುದಿಲ್ಲ, ಸಂತನೂ ಕಾಣುವುದಿಲ್ಲ. ಬುದ್ಧಿವಂತ, ಹಟಮಾರಿ, ಅಪ್ಪಣೆ ಕೊಟ್ಟೇ ಬದುಕಿದ ಒಬ್ಬ ದೊರೆ ಕಾಣುತ್ತಾನೆ.

ನಮ್ಮ ಕಾಗದಗಳೂ ಈಗ ಇವೆ. 1946ರಲ್ಲಿ ಬಾಬಾಸಾಹೇಬರು ಅಮೆರಿಕದ ಕರಿಯರ ನಾಯಕ ಡುಬಾಯ್ಸ್‌ಗೆ ಕಾಗದ ಬರೆದು, ನೀಗ್ರೋಗಳು ವಿಶ್ವಸಂಸ್ಥೆಗೆ ಕೊಡುವ ಅರ್ಜಿಯ ಪ್ರತಿ ಕೇಳಿದರು. ಅತ್ತಲಿಂದ ಉತ್ತರವೂ ಬಂತು. ಹ್ಯಾನಾಳ ಮೊಮ್ಮಕ್ಕಳಿಗೂ ತೋಟಿಯ ಮೊಮ್ಮಕ್ಕಳಿಗೂ ನಡುವೆ ನಡೆದ ಪತ್ರವ್ಯವಹಾರ ಅದು, ಅಪ್ಪಣೆ ಇಲ್ಲದ್ದು.

ಇವತ್ತು ತಾಂಡ್ಯದಲ್ಲಿ ಕಾರ್ಖಾನೆಗಳ ಹೊಗೆ ಏಳುತ್ತದೆ. ಸುತ್ತಿನ ಹಟ್ಟಿಗಳ ತಗಡಿನ ಟ್ರಂಕಿನಲ್ಲಿ ಜಮೀನಿನ ನೋಟೀಸು, ಕೆಲಸಕ್ಕೆ ಹಾಕಿದ ಅರ್ಜಿಯ ನಕಲು, ಮನಿಯಾರ್ಡರ್ ತುಂಡು ಗೆದ್ದಲು ಹಿಡಿಯುತ್ತಾ ಬಿದ್ದಿವೆ. ಗೆಳೆಯರೇ, ಅವನ್ನು ತೆಗೆದು ಬಿಸಿಲಿಗೆ ಹಾಕಿ, ಜೋಡಿಸಿ, ತಾರೀಖು ಬರೆದಿಡಿ. ನಮ್ಮ ಪೆಟ್ಟಿಗೆಯನ್ನು ಇನ್ನೊಬ್ಬ ಕಿರ್ಕ್‌ಪ್ಯಾಟ್ರಿಕ್ ಬಂದು ಒಡೆಯುವ ತನಕ ಕಾಯುವುದು ಬೇಡ.