ಕಾಯಿ ಸುಲಿದ ಕೈಗೊಂದು ಫೋನು

ನಮ್ಮ ಸೀಮೆಯಲ್ಲಿ ಯಾವ ವಸ್ತುವಿನ ಬೆಲೆಯನ್ನೂ ಕೊನೆಗೆ ಕೊಬ್ಬರಿಗೆ ತಂದು ಅಳೆಯುವುದು ರೂಢಿ. ಮಗಳ ಮದುವೆ ಎಷ್ಟು ಕ್ವಿಂಟಾಲಿನದು, ಬೋರ್‌ವೆಲ್ ಎಷ್ಟು ಕ್ವಿಂಟಾಲಿನದು ಎಂದು ಲೆಕ್ಕ ಹಾಕುವ ಜನ ನಾವು. ಹಾಗಾಗಿ 2008ರ ಆಗಸ್ಟಿನಲ್ಲಿ ಐಫೋನ್ 3ಜಿ ನಮ್ಮ ದೇಶಕ್ಕೆ ಬಂತು, 8 ಜಿಬಿಯದಕ್ಕೆ 31,000 ರೂಪಾಯಿ ಎಂದು ಓದಿದಾಗ ನಾನೂ ಅದೇ ತಕ್ಕಡಿ ಎತ್ತಿಕೊಂಡೆ. ಆ ವರ್ಷ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 3,910 ರೂಪಾಯಿ. ಅಲ್ಲಿಗೆ ಒಂದು ಫೋನಿಗೆ ಹತ್ತಿರ ಹತ್ತಿರ ಎಂಟು ಕ್ವಿಂಟಾಲ್ ಕೊಬ್ಬರಿ; ಐದಾರು ಸಾವಿರ ಕಾಯಿ. ಆ ಕಾಯಿ ಮರದಿಂದ ಇಳಿದ ಮೇಲೂ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಕೂತು, ಒಳಗಿನ ನೀರು ಬತ್ತಿ, ಅಲುಗಾಡಿಸಿದರೆ ಲೊಟಲೊಟ ಎನ್ನುವ ತನಕ ಕಾಯಬೇಕು. ಅಷ್ಟು ಕಾದು ಬಂದ ಹಣ ಅಂಗೈಯಗಲದ ಗಾಜಿಗೆ ಹೋಗುವುದಾದರೆ ಆ ಗಾಜನ್ನು ನಾಲ್ಕು ಪ್ರಶ್ನೆ ಕೇಳುವ ಹಕ್ಕು ನಮಗಿದೆ.

ಅದರ ಹೆಸರಿನಲ್ಲಿದ್ದ 3ಜಿ ಎಂಬುದೇ ಆಗ ನಮ್ಮಲ್ಲಿರಲಿಲ್ಲ. ಬಿಎಸ್‌ಎನ್‌ಎಲ್ ಆ ಸೇವೆ ಶುರು ಮಾಡಿದ್ದು 2009ರಲ್ಲಿ. ಖಾಸಗಿಯವರಿಗೆ ತರಂಗಾಂತರದ ಹರಾಜಾದದ್ದು 2010ರಲ್ಲಿ. ಕೆರೆ ಕಟ್ಟುವ ಮೊದಲೇ ದೋಣಿ ತಂದು ಮಾರಿದ ಹಾಗೆ. ಇರಲಿ, ಐಫೋನಿನ ಮಾತು ಇಲ್ಲಿಗೆ ಸಾಕು. ನಮ್ಮ ಕಡೆ ಅದನ್ನು ಕೊಂಡವರು ಕಡಿಮೆ, ಕೊಂಡವರು ನನ್ನನ್ನು ಕೇಳಿ ಕೊಳ್ಳಲಿಲ್ಲ.

ಕೇಳಿದವರು ಬೇರೆ. ಮೇಷ್ಟ್ರು ಪೇಪರ್ ಓದುತ್ತಾರೆ, ಅವರಿಗೆ ಗೊತ್ತಿರುತ್ತದೆ ಎಂಬ ನಂಬಿಕೆಯ ಮೇಲೆ 2010, 2011ರ ಸುಮಾರಿಗೆ ತುರುವೇಕೆರೆ ಸುತ್ತಿನ ರೈತರು, ತಿಪಟೂರಿನಲ್ಲಿ ಮಂಡಿಗೆ ಬಂದವರು, ಚಿಕ್ಕನಾಯಕನಹಳ್ಳಿ ಕಡೆಯ ನನ್ನ ನೆಂಟರು, ಎಲ್ಲರೂ ಕೇಳುತ್ತಿದ್ದ ಮಾತು ಒಂದೇ: ಏಳೆಂಟು ಸಾವಿರದಲ್ಲಿ ಮುಟ್ಟುವ ಫೋನು ಯಾವುದು ಒಳ್ಳೆಯದು? ಅಂದರೆ ಒಂದೂವರೆ ಕ್ವಿಂಟಾಲಿನ ಫೋನು. ಆ ಬೆಲೆಯ ಆಸುಪಾಸಿನಲ್ಲಿ ಮೂರು ಉಮೇದುವಾರರಿದ್ದರು: ನೋಕಿಯಾ 5233, ಮೈಕ್ರೋಮ್ಯಾಕ್ಸ್ ಎ60, ಒಂದು ವರ್ಷ ತಡವಾಗಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ವೈ.

ಪತ್ರಿಕೆಗಳಲ್ಲಿ ಆಗ ಇಂಥವುಗಳ ಹೋಲಿಕೆ ಕೋಷ್ಟಕಗಳು ಬರುತ್ತಿದ್ದವು. ಕ್ಯಾಮರಾ ಎಷ್ಟು ಮೆಗಾಪಿಕ್ಸೆಲ್, ಪ್ರೊಸೆಸರ್ ಎಷ್ಟು ಮೆಗಾಹರ್ಟ್ಸ್, ಕೊನೆಗೆ ಐದಕ್ಕೆ ಮೂರೂವರೆ ನಕ್ಷತ್ರ. ಓದಿ ಓದಿ ನನಗೆ ರೇಗುತ್ತಿತ್ತು. ಅಂಕಿಗಳು ಸುಳ್ಳಲ್ಲ, ಆದರೆ ಕೊಳ್ಳುವವನ ಕೈ ಆ ಕೋಷ್ಟಕದ ಯಾವ ಅಂಕಣದಲ್ಲೂ ಇರಲಿಲ್ಲ. ಕಾವ್ಯಮೀಮಾಂಸೆಯಲ್ಲಿ ಔಚಿತ್ಯ ಎಂಬ ಮಾತಿದೆ. ಹನ್ನೊಂದನೆಯ ಶತಮಾನದ ಕ್ಷೇಮೇಂದ್ರನ ಮಾತು. ಕನ್ನಡದಲ್ಲಿ ನಮಗೆ ಇಂಥ ವಿಚಾರವನ್ನೆಲ್ಲ ತಿಳಿಯಾಗಿ ಹೇಳಿಕೊಟ್ಟವರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದ ತೀ.ನಂ.ಶ್ರೀ. ಅಲಂಕಾರ ಎಷ್ಟೇ ಬೆಲೆಯುಳ್ಳದ್ದಾಗಲಿ, ಅದು ಇರಬೇಕಾದ ಜಾಗದಲ್ಲಿದ್ದರೆ ಚೆಂದ. ಫೋನಿನ ವಿಮರ್ಶೆಗೂ ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಸಿಗಲಿಲ್ಲ. ಹಾಗಾಗಿ ನನ್ನದೇ ಕೋಷ್ಟಕ ಮಾಡಿಕೊಂಡೆ. ಅದರಲ್ಲಿ ಮೊದಲ ಅಂಕಣ ಬೆರಳು.

ಮುಟ್ಟುವ ಪರದೆಗಳಲ್ಲಿ ಆಗ ಎರಡು ಜಾತಿ. ಒಂದು ರೆಸಿಸ್ಟಿವ್, ಅಂದರೆ ಒತ್ತುವಿಕೆಯನ್ನು ಅರಿಯುವುದು. ವಿದ್ಯುತ್ ಹರಿಯುವ ಎರಡು ಪದರಗಳು, ನಡುವೆ ಕೂದಲೆಳೆಯ ಬಿಡುವು. ಮೇಲಿನಿಂದ ಒತ್ತಿದರೆ ಎರಡೂ ಒಂದನ್ನೊಂದು ಮುಟ್ಟುತ್ತವೆ, ಮುಟ್ಟಿದ ಜಾಗ ಯಾವುದೆಂದು ಫೋನು ಲೆಕ್ಕ ಹಾಕುತ್ತದೆ. ಅದಕ್ಕೆ ಒತ್ತಿದ್ದು ಬೆರಳೋ ಉಗುರೋ ಕಡ್ಡಿಯೋ ಎಂಬ ಭೇದವಿಲ್ಲ. ನೋಕಿಯಾ 5800ರ ಜೊತೆಗೆ ಗಿಟಾರ್ ಮೀಟುವಂಥ ಒಂದು ಬಿಲ್ಲೆಯನ್ನೇ ಕೊಡುತ್ತಿದ್ದರು. ಅದರ ಬಡ ತಮ್ಮನಾದ 5233 ಮತ್ತು ಮೈಕ್ರೋಮ್ಯಾಕ್ಸ್ ಎ60 ಇದೇ ಜಾತಿಯವು. ಇನ್ನೊಂದು ಕೆಪ್ಯಾಸಿಟಿವ್. ಗಾಜಿನ ಕೆಳಗಿನ ಪದರದಲ್ಲಿ ಸಣ್ಣ ವಿದ್ಯುದಂಶವಿರುತ್ತದೆ. ಜೀವಂತ ಚರ್ಮದ ತೇವ ಹತ್ತಿರ ಬಂದಾಗ ಅದರಲ್ಲಿ ಆಗುವ ಏರುಪೇರನ್ನು ಫೋನು ಗುರುತಿಸುತ್ತದೆ. ಒತ್ತಬೇಕಿಲ್ಲ, ಸವರಿದರೆ ಸಾಕು. ಐಫೋನ್ ಈ ಜಾತಿಯದು, ಗ್ಯಾಲಕ್ಸಿ ವೈ ಕೂಡ.

ಪಟ್ಟಣದ ವಿಮರ್ಶಕರೆಲ್ಲ ಎರಡನೆಯದಕ್ಕೇ ಕೈಯೆತ್ತಿದರು. ಬೆಣ್ಣೆಯ ಹಾಗೆ ಜಾರುತ್ತದೆ ಎಂದರು. ನಿಜ, ಜಾರುತ್ತದೆ, ಅವರ ಬೆರಳಿಗೆ. ಆದರೆ ವರ್ಷವಿಡೀ ಮಟ್ಟೆ ಸುಲಿದ ಬೆರಳನ್ನು ನೀವು ನೋಡಿದ್ದೀರಾ? ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ ತಿರುಚುವಾಗ ಹೆಬ್ಬೆರಳ ಬುಡದಿಂದ ತುದಿಯವರೆಗೆ ಚರ್ಮ ದಪ್ಪಗಟ್ಟುತ್ತದೆ. ನಾರಿನ ಧೂಳು ಅದರ ಗೆರೆಗಳಲ್ಲಿ ಇಳಿದು ಒಣಗುತ್ತದೆ. ಮೇಲೆ ಕೊಬ್ಬರಿಯ ಜಿಡ್ಡು. ಅಂಥ ಒಣ, ಗಡುಸು ಚರ್ಮದ ಕೆಳಗೆ ಇರುವ ತೇವವನ್ನು ಕೆಪ್ಯಾಸಿಟಿವ್ ಪರದೆ ಎಷ್ಟೋ ಸಲ ಗುರುತಿಸುವುದೇ ಇಲ್ಲ. ನನ್ನ ಸೋದರತ್ತೆಯ ಮಗ ಹೊಸ ಗ್ಯಾಲಕ್ಸಿ ವೈ ಹಿಡಿದು ಬಂದ ಕರೆ ಎತ್ತಲು ಬೆರಳೆಳೆದೂ ಎಳೆದೂ, ಅದು ನಿಂತೇಹೋದ ಮೇಲೆ, ‘ಇದು ನನ್ನನ್ನು ಮನುಷ್ಯ ಅಂತಲೇ ಲೆಕ್ಕಕ್ಕಿಟ್ಟುಕೊಳ್ಳೋದಿಲ್ವಲ್ಲ’ ಅಂದ. ನಗುತ್ತಲೇ ಅಂದ. ಅದೇ ಕೈಗೆ 5233 ಕೊಟ್ಟರೆ ಉಗುರಿನಲ್ಲಿ ಕುಟ್ಟಿ ಕೆಲಸ ಮುಗಿಸುತ್ತಿದ್ದ.

ಹಾಗೆಂದು ರೆಸಿಸ್ಟಿವ್ ಪರದೆಯನ್ನು ಹೊತ್ತು ಮೆರೆಸಬೇಕಾಗಿಲ್ಲ. ಪದರಗಳ ನಡುವಿನ ಬಿಡುವಿನಿಂದಾಗಿ ಅದರ ಬೆಳಕು ಮಂಕು. ತೋಟದ ನೆರಳಿನಲ್ಲಿ ಕಂಡದ್ದು ಕಣದ ಬಿಸಿಲಿಗೆ ಬಂದರೆ ಮಾಯ. ಮೇಲಿನ ಪದರ ಪ್ಲಾಸ್ಟಿಕ್ ಆದ್ದರಿಂದ ಗೀರು ಬೀಳುತ್ತದೆ. ಮೈಕ್ರೋಮ್ಯಾಕ್ಸಿನಲ್ಲಂತೂ ಎರಡೂ ಕಡೆಯ ಕಷ್ಟ ಸೇರಿತ್ತು: ಒಳಗೆ ಸವರಲೆಂದೇ ಮಾಡಿದ ಆ್ಯಂಡ್ರಾಯ್ಡ್, ಹೊರಗೆ ಒತ್ತಲೆಂದು ಮಾಡಿದ ಪರದೆ. ಪಟ್ಟಿಯನ್ನು ಮೇಲಕ್ಕೆ ಸರಿಸಲು ಹೋದರೆ ಯಾರಿಗೋ ಫೋನು ಹೋಗಿಬಿಡುತ್ತಿತ್ತು. ಅದನ್ನು ನಾನು ಯಾರಿಗೂ ಹೇಳಲಿಲ್ಲ.

ಎರಡನೆಯ ಅಂಕಣ ಅಕ್ಷರ. ಇದಕ್ಕೆ ನನ್ನ ಪರೀಕ್ಷೆ ಬಹಳ ಸುಲಭದ್ದು, ನಮ್ಮ ಮೂರು ತಾಲ್ಲೂಕುಗಳ ಹೆಸರು. ತಿಪಟೂರು, ತುರುವೇಕೆರೆ ಎರಡರಲ್ಲೂ ಒತ್ತಕ್ಷರವಿಲ್ಲ. ಗುಣಿತದ ಕೊಂಬು ಗುಡಿಸು ಅತ್ತಿತ್ತ ಸರಿದರೂ ಹೇಗೋ ಓದಬಹುದು. ಮೂರನೆಯದರಲ್ಲಿ ಎರಡು ಒತ್ತು. ಫೋನಿಗೆ ಕನ್ನಡ ಬರದಿದ್ದರೆ ಸಾಲಾಗಿ ಚೌಕದ ಡಬ್ಬಿಗಳು. ಅರ್ಧಂಬರ್ಧ ಬಂದರೆ ‘ಚಿಕ್‌ಕನಾಯಕನಹಳ್‌ಳಿ’. ಅದೇ ಫೋನಿನಲ್ಲಿ ನಮ್ಮ ಬದುಕೇ ‘ಕೊಬ್‌ಬರಿ’ ಆಗುತ್ತಿತ್ತು. ಆ್ಯಂಡ್ರಾಯ್ಡ್ ತನ್ನ ತಳಹದಿಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟದ್ದು 2012ರಲ್ಲಿ, 4.1ನೆಯ ಆವೃತ್ತಿಯಲ್ಲಿ. ಎ60ಯೊಳಗಿದ್ದದ್ದು 2.1, ಗ್ಯಾಲಕ್ಸಿ ವೈಯೊಳಗಿದ್ದದ್ದು 2.3. ಅಲ್ಲಿಯವರೆಗೆ ಕನ್ನಡ ಕಾಣುವುದೋ ಬಿಡುವುದೋ ಆಯಾ ಕಂಪನಿಯವರು ಸೇರಿಸಿಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ನಕ್ಷತ್ರ ಹಂಚುವವರ ಕೋಷ್ಟಕದಲ್ಲಿ ಇದಕ್ಕೊಂದು ಸಾಲನ್ನೂ ನಾನು ಕಾಣಲಿಲ್ಲ. ಪುಸ್ತಕ ವಿಮರ್ಶೆ ಮಾಡುವವನು ಪುಸ್ತಕ ಯಾವ ಭಾಷೆಯದೆಂದು ಹೇಳದೆ ಕಾಗದದ ದಪ್ಪ, ಬೈಂಡಿನ ಬಣ್ಣ ಹೇಳಿದಂತೆ.

ಒಂದು ಕಳ್ಳದಾರಿ ಇತ್ತು. ಒಪೆರಾ ಮಿನಿ ಎಂಬ ಬ್ರೌಸರಿನೊಳಗೆ ಮೂಲೆಯಲ್ಲೊಂದು ಗುಂಡಿ: ಕ್ಲಿಷ್ಟ ಲಿಪಿಗಳನ್ನು ಚಿತ್ರವಾಗಿ ತೋರಿಸು ಎಂದು ಅದಕ್ಕೆ ಹೇಳಬಹುದಿತ್ತು. ಹಾಗೆ ಹೇಳಿದರೆ ಎಲ್ಲೋ ದೂರದ ಕಂಪ್ಯೂಟರು ಕನ್ನಡದ ಸಾಲುಗಳನ್ನು ಬಿಡಿಸಿ, ಚಿತ್ರ ಮಾಡಿ ಕಳಿಸುತ್ತಿತ್ತು. ಹಣ ಸ್ವಲ್ಪ ಹೆಚ್ಚು ತಿನ್ನುತ್ತಿತ್ತು. ಬಂದ ಪತ್ರ ಓದಲು, ಬರೆಯಲು ಉಪಯೋಗವಿಲ್ಲ. ಆದರೂ ಒತ್ತಕ್ಷರ ಒತ್ತಿನ ಜಾಗದಲ್ಲಿರುತ್ತಿತ್ತು. ಈ ಗುಂಡಿ ಮೂರೂ ಫೋನುಗಳಿಗೆ ಸಮಾನವಾದ್ದರಿಂದ ತೂಕ ಮತ್ತೆ ಬೆರಳಿನ ಕಡೆಗೇ ವಾಲಿತು.

ಇಷ್ಟೆಲ್ಲ ಯಾಕೆ ಬೇಕಿತ್ತು ಎಂದು ಕೇಳಬಹುದು. ಮಾತನಾಡಲು ಸಾವಿರ ರೂಪಾಯಿಯ ಗುಂಡಿ ಫೋನು ಸಾಲದೆ? ಮಾತಿಗೆ ಸಾಕು. ಧಾರಣೆಗೆ ಸಾಲದು. ಅಟ್ಟದ ಮೇಲೆ ವರ್ಷದ ಬದುಕು ಕೂತಿರುವವನಿಗೆ ಇವತ್ತು ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ಎಷ್ಟಕ್ಕೆ ಹೋಯಿತೆಂಬುದು ಊರಿನ ಮಟ್ಟಿಗೆ ಬಾಯಿಮಾತಿನ ಸುದ್ದಿ. ಆ ಬಾಯಿ ಅನೇಕ ವೇಳೆ ಕೊಳ್ಳಲು ಬಂದವನದೇ. ಸರ್ಕಾರದ ಕೃಷಿ ಮಾರಾಟ ವಾಹಿನಿಯಲ್ಲಿ ಆಯಾ ಎಪಿಎಂಸಿಯ ದಿನದ ಧಾರಣೆ ಸಿಗುತ್ತಿತ್ತು: ಕನಿಷ್ಠ, ಗರಿಷ್ಠ, ಎಷ್ಟು ಆವಕ ಎಂದು. ಮನೆ ಬಾಗಿಲಿಗೆ ಬಂದ ವ್ಯಾಪಾರಿ ‘ರೇಟು ಬಿದ್ದುಹೋಯಿತು’ ಅಂದಾಗ ಜೇಬಿನಿಂದ ಫೋನು ತೆಗೆದು ‘ಇರಿ, ನೋಡೋಣ’ ಅನ್ನುವ ಆ ಒಂದು ನಿಮಿಷಕ್ಕಾಗಿ ಒಂದೂವರೆ ಕ್ವಿಂಟಾಲು ಕೊಡಬಹುದೆಂದು ನಾನು ವಾದಿಸುತ್ತಿದ್ದೆ. ಆ ನಿಮಿಷದಲ್ಲಿ ಪರದೆ ಬೆರಳನ್ನು ಗುರುತಿಸದೆ ಕೈಕೊಟ್ಟರೆ ವ್ಯಾಪಾರಿ ನಗುತ್ತಾನೆ. ಅವನ ಬೆರಳು ನುಣುಪು.

ಮೂರನೆಯದು ಬ್ಯಾಟರಿ. ಇದರಲ್ಲಿ ಹೆಚ್ಚು ಹೇಳುವುದಿಲ್ಲ. ಕರೆಂಟು ಯಾವಾಗ ಬರುತ್ತದೆಂದು ಮೋಟಾರಿನ ಪಕ್ಕ ಕಾದು ಮಲಗುವ ಊರುಗಳಲ್ಲಿ ಬ್ಯಾಟರಿ ಬಿಚ್ಚಿ ಬದಲಾಯಿಸುವಂತಿರಬೇಕು. ಮೂರೂ ಹಾಗಿದ್ದವು. 5233ರದು ಬಿಎಲ್-5ಜೆ; ಅಂಥದ್ದು ಸಂತೆ ನಡೆಯುವ ಯಾವ ಊರಿನ ಅಂಗಡಿಯಲ್ಲಾದರೂ ಸಿಗುತ್ತಿತ್ತು. ಐಫೋನಿನ ಬೆನ್ನನ್ನು ಬಳಸುವವನು ತೆರೆಯುವಂತೆಯೇ ಇರಲಿಲ್ಲ.

ಹಾಗಾಗಿ ಸ್ವತಃ ಕಾಯಿ ಸುಲಿಯುವವರಿಗೆ ನೋಕಿಯಾ 5233 ಹೇಳಿದೆ. ಅದರಲ್ಲಿ ವೈಫೈ ಇಲ್ಲ, 3ಜಿ ಇಲ್ಲ, ದಾರಿ ತೋರುವ ಜಿಪಿಎಸ್ ಇಲ್ಲ ಎಂದು ನನ್ನ ಶಿಷ್ಯನೊಬ್ಬ ಬೆಂಗಳೂರಿನಿಂದ ಆಕ್ಷೇಪಿಸಿದ. ತುರುವೇಕೆರೆಯಿಂದ ತಿಪಟೂರಿಗೆ ದಾರಿ ತೋರಿಸಬೇಕಾದವರು ಫೋನು ಕೊಳ್ಳುವುದು ಬೇಡ ಎಂದು ಬರೆದೆ. ಕಾಲೇಜಿಗೆ ಹೋಗುವ ಮಕ್ಕಳಿಗೆ, ಮಂಡಿಯಲ್ಲಿ ಲೆಕ್ಕ ಬರೆಯುವವರಿಗೆ ಗ್ಯಾಲಕ್ಸಿ ವೈ ಹೇಳಿದೆ. ಅದರ ಮೂರಂಗುಲದ ಪರದೆಯ ಮೇಲಿನ ಅಕ್ಷರಮಣೆ ಇರುವೆ ಸಾಲಿನಂತಿದ್ದರೂ ಮುಂದಿನ ಕಾಲ ಆ ಜಾತಿಯದೇ ಎಂಬುದು ಕಾಣುತ್ತಿತ್ತು.

ಆ ಕಾಲ ಬಂದೂ ಆಯಿತು. ನೋಕಿಯಾದ ಆ ಸಿಂಬಿಯನ್ ಫೋನುಗಳು ಹೋದವು, ಒತ್ತುವ ಪರದೆಯ ಫೋನು ಅಂಗಡಿಯಲ್ಲಿ ಕೇಳಿದರೆ ಈಗ ಹುಡುಗರಿಗೆ ಅರ್ಥವಾಗುವುದಿಲ್ಲ. ಚಿಕ್ಕನಾಯಕನಹಳ್ಳಿಯನ್ನು ಎಲ್ಲ ಫೋನೂ ಒತ್ತು ಸಮೇತ ಬರೆಯುತ್ತದೆ. ಧಾರಣೆ ವಾಟ್ಸಾಪಿನಲ್ಲಿ ತಾನಾಗಿ ಬಂದು ಬೀಳುತ್ತದೆ. ಬೆರಳಿನ ತೊಂದರೆ ಮಾತ್ರ ಪೂರ್ತಿ ಹೋಗಿಲ್ಲ. ನಮ್ಮ ಮನೆಗೆ ಕಾಯಿ ಸುಲಿಯಲು ಬರುವಾಕೆ ಫೋನಿಗೆ ಕಿರುಬೆರಳನ್ನು ಬಳಸುತ್ತಾಳೆ. ಉಳಿದ ನಾಲ್ಕು ಬೆರಳು ಕೆಲಸಕ್ಕೆ ಹೋಗಿವೆ, ಇದೊಂದು ಇನ್ನೂ ಮೆತ್ತಗಿದೆ ಎನ್ನುತ್ತಾಳೆ. ಮೊಮ್ಮಗಳ ಫೋಟೋ ನೋಡುವಾಗ ಆ ಕಿರುಬೆರಳನ್ನು ಒಮ್ಮೆ ಸೆರಗಿಗೆ ಒರೆಸಿಕೊಂಡು ಆಮೇಲೆ ಗಾಜಿಗೆ ತಾಗಿಸುತ್ತಾಳೆ.